ಅಂಗರಾಜನಿಗೊಂದು ಪತ್ರ, ಒಂದು ಸೀಟಿಯ ಬಗ್ಗೆ

ಪ್ರಿಯ ಅಂಗರಾಜ,

ನಿನ್ನ ಸಂದೇಶಕ್ಕೆ ಉತ್ತರಿಸದೆ ಹದಿನೇಳು ದಿನಗಳಾದವು. ನೀನು ಲೆಕ್ಕ ಇಟ್ಟಿರುತ್ತೀಯ ಎಂದು ಗೊತ್ತಿರುವುದರಿಂದ ನಾನೂ ಇಟ್ಟಿದ್ದೇನೆ. ತಡವಾಗಿದ್ದಕ್ಕೆ ಕಾರಣ ಕಚೇರಿಯೂ ಅಲ್ಲ, ಸೊಂಟನೋವೂ ಅಲ್ಲ. ಮಗಳು ಕಾರಣ. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿರುವ ಅವಳು ನಮ್ಮ ‘ಬ್ರೇಕಿಂಗ್ ಬ್ಯಾಡ್’ ನೋಡಲು ಕುಳಿತಳು, ನಾನೂ ಪಕ್ಕದಲ್ಲಿ ಕುಳಿತೆ. ನಮ್ಮದಂತೆ! ಕಥೆ ನಡೆಯುವ ಅಮೆರಿಕದ ಆಲ್ಬುಕರ್ಕಿ ನಮ್ಮ ತಾಲ್ಲೂಕಿನ ಯಾವುದೋ ಹೋಬಳಿ ಎಂಬ ಹಾಗೆ.

ಇದನ್ನು ನಿನ್ನ ಭುಜದ ಹಿಂದೆ ನಿಂತು ಓದುತ್ತಿರುವವರಿಗಾಗಿ ಎರಡು ಸಾಲು. 2008ರಿಂದ 2013ರವರೆಗೆ ಬಂದ, ಒಟ್ಟು 62 ಸಂಚಿಕೆಗಳ ಧಾರಾವಾಹಿ ಅದು. ವಾಲ್ಟರ್ ವೈಟ್ ಎಂಬ ಹೈಸ್ಕೂಲಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ತಾನು ಸತ್ತ ಮೇಲೆ ಹೆಂಡತಿ ಮಕ್ಕಳಿಗೆ ಏನಾದರೂ ಇರಲಿ ಎಂದು ಜೆಸ್ಸಿ ಎಂಬ ಹಳೆಯ ವಿದ್ಯಾರ್ಥಿಯನ್ನು ಸೇರಿಸಿಕೊಂಡು ಮಾದಕವಸ್ತು ತಯಾರಿಸಲು ಇಳಿಯುತ್ತಾರೆ. ‘ಇಳಿಯುತ್ತಾರೆ’ ಎಂದೇ ಬರೆದೆ ನೋಡು, ಬಹುವಚನದಲ್ಲಿ! ನಾವಿಬ್ಬರೂ ಆ ಮನುಷ್ಯನನ್ನು ಕೊನೆಯವರೆಗೂ ‘ಮೇಷ್ಟ್ರು’ ಎಂದೇ ಕರೆದವರು. ಕೊಲೆ ಮಾಡಿದ ಮೇಲೂ ಗೌರವ ಕಡಿಮೆಯಾಗಲಿಲ್ಲ.

ಅವರ ಹೆಂಡತಿ ಸ್ಕೈಲರ್‌ಗೆ ನಾವು ಇಟ್ಟಿದ್ದ ಹೆಸರು ನಿನಗೆ ನೆನಪಿದೆ. ಇಲ್ಲಿ ಬರೆಯಲಾರೆ, ಮಗಳು ಓದುತ್ತಾಳೆ. ಗಂಡ ಸುಳ್ಳು ಹೇಳುತ್ತಿದ್ದಾನೆ, ಎಲ್ಲಿಗೆ ಹೋಗುತ್ತಾನೋ ಗೊತ್ತಿಲ್ಲ, ಹೊಟ್ಟೆಯಲ್ಲಿ ಮಗು ಇದೆ. ಅವಳು ಕೇಳಿದ್ದು ಇಷ್ಟೇ: ‘ಎಲ್ಲಿಗೆ ಹೋಗಿದ್ದೆ?’ ಅಷ್ಟಕ್ಕೇ ನಾವು ಫೋನಿನಲ್ಲಿ ಗಂಟೆಗಟ್ಟಲೆ ಅವಳನ್ನು ಬೈದೆವು. ನಾವಿಬ್ಬರೇ ಅಲ್ಲ, ಜಗತ್ತೇ ಬೈಯಿತು. ಕೊನೆಗೆ ಆ ಪಾತ್ರ ಮಾಡಿದ ಆನಾ ಗನ್ ಅವರೇ 2013ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆಯಬೇಕಾಯಿತು. ಪಾತ್ರದ ಮೇಲಿನ ದ್ವೇಷ ನಟಿಯ ಮೇಲೂ ತಿರುಗಿ, ಅವರನ್ನೇ ಕೊಲ್ಲುವ ಮಾತನ್ನು ಯಾರೋ ಅಂತರ್ಜಾಲದಲ್ಲಿ ಆಡಿದ್ದರು. ಅದಾದ ಮರುತಿಂಗಳೇ ಅದೇ ಪಾತ್ರಕ್ಕೆ ಅವರಿಗೆ ಎಮ್ಮಿ ಪ್ರಶಸ್ತಿ ಬಂದಿತು. ಆಗ ನಾನು ನಿನಗೆ ಏನು ಹೇಳಿದ್ದೆ? ‘ಇಷ್ಟು ಜನರಿಂದ ಬೈಸಿಕೊಂಡರೆ ಕೊಡದೆ ಇರುತ್ತಾರೆಯೇ?’ ದೊಡ್ಡ ಹಾಸ್ಯ ಮಾಡಿದೆನೆಂದು ನಾನೇ ನಕ್ಕೆ. ನೀನು ನಕ್ಕೆಯೋ ಇಲ್ಲವೋ ನೆನಪಿಲ್ಲ.

ಮಗಳಿಗೆ ಈ ಯಾವ ಹಿನ್ನೆಲೆಯೂ ಗೊತ್ತಿಲ್ಲ. ಮೊದಲ ಸೀಸನ್ನಿನ ಐದನೆಯ ಸಂಚಿಕೆಯಲ್ಲಿ ಶ್ರೀಮಂತ ಹಳೆಯ ಸ್ನೇಹಿತರು ಚಿಕಿತ್ಸೆಯ ಖರ್ಚು ನಾವು ಕೊಡುತ್ತೇವೆ ಎನ್ನುತ್ತಾರಲ್ಲ, ಮೇಷ್ಟ್ರು ಬೇಡ ಎನ್ನುತ್ತಾರಲ್ಲ, ಅಲ್ಲಿ ಅವಳು ನಿಲ್ಲಿಸಿ ಕೇಳಿದಳು: ‘ಅಪ್ಪ, ಕಥೆ ಇಲ್ಲಿಗೇ ಮುಗಿಯಬೇಕಿತ್ತಲ್ಲವೇ? ದುಡ್ಡು ಸಿಕ್ಕಿತಲ್ಲ?’ ಹಿಂದೆ ನೋಡುವಾಗ ನಮಗೆ ಅದು ಸ್ವಾಭಿಮಾನದ ಹಾಗೆ ಕಂಡಿತ್ತು. ಸಾಲ ಕೇಳದ ಬಡ ಮೇಷ್ಟ್ರುಗಳ ನಡುವೆ ಬೆಳೆದ ನಮಗೆ ಬೇರೆ ಹೇಗೆ ಕಾಣಬೇಕಿತ್ತು ಹೇಳು. ಈ ಸಲ ಲೆಕ್ಕ ಹಾಕಿದೆ. ಇನ್ನೂ 57 ಸಂಚಿಕೆ ಬಾಕಿ ಇದೆ, ಸಂಸಾರದ ನೆಪ ಐದಕ್ಕೇ ತೀರಿದೆ. ಕಟ್ಟಕಡೆಯ ಸಂಚಿಕೆಯಲ್ಲಿ ಆ ಮನುಷ್ಯನೇ ಹೆಂಡತಿಯ ಎದುರು ಒಪ್ಪಿಕೊಳ್ಳುತ್ತಾನೆ: ನನಗಾಗಿ ಮಾಡಿದೆ, ಅದರಲ್ಲಿ ನನಗೆ ಸುಖವಿತ್ತು ಎಂದು. ನಮಗಿಂತ ಅವನೇ ಪ್ರಾಮಾಣಿಕ.

ಬರೆದವರ ಚಾಲಾಕಿತನ ಈ ಸಲ ಸ್ವಲ್ಪ ಗೊತ್ತಾಯಿತು. ಮೇಷ್ಟ್ರು ಒಂದು ಮೆಟ್ಟಿಲು ಇಳಿದಾಗಲೆಲ್ಲ ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ಇನ್ನೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಮೊದಲು ಟೂಕೊ ಎಂಬ ಹುಚ್ಚ, ಆಮೇಲೆ ಕೋಳಿ ಅಂಗಡಿಯ ಗಸ್, ಕೊನೆಗೆ ಮೈಮೇಲೆ ಹಚ್ಚೆ ಹಾಕಿಸಿಕೊಂಡ ಕಟುಕರು. ಅವರ ಪಕ್ಕದಲ್ಲಿ ನಿಂತರೆ ನಮ್ಮ ಮೇಷ್ಟ್ರು ರಾಮನವಮಿಗೆ ಪಾನಕ ಹಂಚುವವರ ಹಾಗೆ ಕಾಣದೆ ಇರುತ್ತಾರೆಯೇ?

ಈ ಆಟ ನಮಗೆ ಹೊಸದೇನೂ ಅಲ್ಲ ಎಂದು ನೀನು ಹೇಳುತ್ತೀಯ. ಗೊತ್ತಿದೆ. 1988ರಲ್ಲಿ ಭಾನುವಾರ ಬೆಳಗ್ಗೆ ಎಣ್ಣೆ ಹಚ್ಚಿದ ತಲೆಯಲ್ಲೇ ಓಡಿಹೋಗಿ ಪೋಸ್ಟ್ ಮಾಸ್ಟರ ಮನೆಯ ಕಿಟಕಿ ಹಿಡಿದು ‘ಮಹಾಭಾರತ’ ನೋಡಿದವರು ನಾವು. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ, ಅಗತ್ಯವೂ ಇರಲಿಲ್ಲ. ಪಂಕಜ್ ಧೀರ್ ಕರ್ಣನಾಗಿ ಬಂದು ನಿಂತ ದಿನವೇ ನೀನು ಕರ್ಣನಾದೆ. ಗೆಳೆಯರಲ್ಲಿ ಬೇರೆ ಯಾರಿಗೂ ಆ ಪಾತ್ರ ಬಿಟ್ಟುಕೊಡಲಿಲ್ಲ. ತೆಂಗಿನ ಗರಿಯ ಕಡ್ಡಿಯ ಬಾಣ, ನಿನ್ನ ಅಮ್ಮನ ಹಳೆಯ ಸೆರಗು, ಅಂಗರಾಜ್ಯ ಎಂದರೆ ನಿಮ್ಮ ಹಿತ್ತಲು. ಆದರೆ ಒಂದು ಮಾತು. ಸೀರೆ ಸೆಳೆದ ವಾರದ ಸಂಚಿಕೆಯನ್ನು ನಾವು ಒಮ್ಮೆಯೂ ಆಡಲಿಲ್ಲ. ಆ ಸಭೆಯಲ್ಲಿ ದ್ರೌಪದಿಗೆ ಅತಿ ಹೊಲಸು ಮಾತು ಆಡಿದವನು ಕರ್ಣನೇ. ಅದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹತ್ತು ವರ್ಷದ ಹುಡುಗರು ಯಾರೂ ಹೇಳಿಕೊಡದೆಯೇ ಆ ಒಂದು ದಿನವನ್ನು ಆಟದಿಂದ ಕತ್ತರಿಸಿದೆವು.

ಇರಲಿ. ನಾನು ಹೇಳಲು ಹೊರಟದ್ದು ಕರ್ಣನ ವಿಷಯವಲ್ಲ.

ಐದನೆಯ ಸೀಸನ್ನಿನಲ್ಲಿ ರೈಲಿನಿಂದ ರಾಸಾಯನಿಕ ಕದಿಯುತ್ತಾರಲ್ಲ, ಅದನ್ನು ನೋಡಿಬಿಟ್ಟನೆಂದು ಟಾಡ್ ಎಂಬವನು ಒಬ್ಬ ಹುಡುಗನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಹುಡುಗನ ಕೈಯಲ್ಲಿ ಶೀಶೆಯೊಳಗೆ ಹಿಡಿದಿಟ್ಟ ಜೇಡ. ಮುಂದಿನ ಸಂಚಿಕೆಯಲ್ಲಿ ಹುಡುಗ ಕಾಣೆಯಾದ ಸುದ್ದಿ ನೋಡಿ ಜೆಸ್ಸಿ ಕುಸಿಯುತ್ತಾನೆ. ಮೇಷ್ಟ್ರು ಹತ್ತಿರ ಬಂದು ಸಮಾಧಾನ ಹೇಳುತ್ತಾರೆ: ನನಗೂ ನಿದ್ದೆ ಇಲ್ಲಪ್ಪ ಎಂಬರ್ಥದ ಮಾತು. ನೀನು ಮನೆಗೆ ಹೋಗು, ಉಳಿದ ಕೆಲಸ ನಾನು ಮುಗಿಸುತ್ತೇನೆ ಎನ್ನುತ್ತಾರೆ. ಜೆಸ್ಸಿ ಹೊರಡುತ್ತಾನೆ. ಬೆನ್ನ ಹಿಂದಿನಿಂದ ಸೀಟಿ ಕೇಳುತ್ತದೆ. ಮೇಷ್ಟ್ರು ಕೆಲಸ ಮಾಡುತ್ತಾ ಹಾಯಾಗಿ ಸೀಟಿ ಹೊಡೆಯುತ್ತಿದ್ದಾರೆ.

ಮೊದಲ ಸಲ ನೋಡಿದಾಗ ಈ ದೃಶ್ಯ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈ ಸಲ ಮಗಳು ‘ಥೂ’ ಎಂದಳು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಆರು ವರ್ಷದ ಹಿಂದೆ ನಮ್ಮ ಕಚೇರಿಯಲ್ಲಿ ಗುತ್ತಿಗೆಯ ಮೇಲಿದ್ದ ಒಬ್ಬ ಹುಡುಗನ ಕೆಲಸ ಹೋಯಿತೆಂದು ನಿನಗೆ ಒಂದು ರಾತ್ರಿ ಫೋನ್ ಮಾಡಿದ್ದೆನಲ್ಲ. ಅಂದಾಜು ಪಟ್ಟಿಯಲ್ಲಿ ಒಂದು ಸೊನ್ನೆ ಹೆಚ್ಚಾಗಿತ್ತು. ನಿನಗೆ ನಾನು ಹೇಳಿದ್ದು: ‘ಪಾಪ, ಹುಡುಗನದ್ದು ಸಣ್ಣ ತಪ್ಪು, ನಾನು ಅವನನ್ನು ಉಳಿಸಲು ಆಗಲಿಲ್ಲ, ನಿದ್ದೆಯೇ ಬರುತ್ತಿಲ್ಲ ಕಣೋ.’ ನೀನು ಒಂದು ಗಂಟೆ ಮಾತನಾಡಿದೆ. ಮನಸ್ಸು ಹೀಗೆ ಕೊರೆಯುತ್ತಿದೆ ಎಂದರೆ ನೀನು ಒಳ್ಳೆಯವನು ಎಂದೇ ಅರ್ಥ ಎಂದೆ.

ಆ ಸೊನ್ನೆ ನನ್ನದು. ಪಟ್ಟಿ ತಿದ್ದಿದ್ದು ನಾನು. ಟೈಪ್ ಮಾಡಿದವನ ಜಾಗದಲ್ಲಿ ಆ ಹುಡುಗನ ಕಿರುಸಹಿ ಇತ್ತು, ಪರಿಶೀಲಿಸಿದವರ ಜಾಗ ಖಾಲಿ ಇತ್ತು. ಮೇಲಿನವರು ಕರೆದು ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಏನೂ ಹೇಳಲಿಲ್ಲ, ಅಷ್ಟೇ. ಎರಡನೆಯ ಸೀಸನ್ನಿನಲ್ಲಿ ಜೇನ್ ಎಂಬ ಹುಡುಗಿ ಅಮಲಿನಲ್ಲಿ ಮಲಗಿದ್ದಲ್ಲೇ ವಾಂತಿ ಮಾಡಿಕೊಂಡು ಉಸಿರು ಕಟ್ಟಿ ಸಾಯುವಾಗ ಮೇಷ್ಟ್ರು ಮಂಚದ ಪಕ್ಕ ಸುಮ್ಮನೆ ನಿಲ್ಲುತ್ತಾರಲ್ಲ, ಆ ನಿಲುವು ನನಗೆ ಅಪರಿಚಿತವಲ್ಲ. ಮೇಷ್ಟ್ರಾದರೂ ಅತ್ತರು.

ನಿನ್ನೊಡನೆ ಮಾತು ಮುಗಿಸಿ ಫೋನ್ ಇಟ್ಟ ಮೇಲೆ ಏನಾಯಿತು ಗೊತ್ತೇ? ಮಲಗಿದೆ. ಹಾಲಿನವನು ಎರಡು ಸಲ ಗಂಟೆ ಒತ್ತಿದ್ದೂ ಕೇಳಿಸದ ಹಾಗೆ ಮಲಗಿದೆ. ಬೆಳಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಕೇಳಿದಳು: ‘ಏನು, ಇವತ್ತು ಬೆಳಗ್ಗೆಯೇ ಸೀಟಿ?’ ಆಗ ತಮಾಷೆ ಎನ್ನಿಸಿತ್ತು.

ಇನ್ನೊಂದು ವಿಷಯ ಇದೆ, ಬರೆಯಬೇಕೆಂದು ಕುಳಿತಿರಲಿಲ್ಲ. ಆ ಹುಡುಗ ಹೋಗುವಾಗ ನಾನು ಅವನಿಗೆ ಒಂದು ಒಳ್ಳೆಯ ಶಿಫಾರಸು ಪತ್ರ ಬರೆದುಕೊಟ್ಟೆ. ಅದರಿಂದಲೇ ಬೇರೆ ಕಡೆ ಕೆಲಸ ಸಿಕ್ಕಿತೆಂದು ಅವನು ನಂಬಿದ್ದಾನೆ. ಪ್ರತಿ ಯುಗಾದಿಗೆ, ದೀಪಾವಳಿಗೆ, ಕೊನೆಗೆ ಶಿಕ್ಷಕರ ದಿನಾಚರಣೆಗೂ ಅವನಿಂದ ಸಂದೇಶ ಬರುತ್ತದೆ: ‘ನಿಮ್ಮ ಉಪಕಾರ ಮರೆಯುವುದಿಲ್ಲ ಸರ್.’ ನಾನು ಕೈಮುಗಿಯುವ ಚಿತ್ರ ಕಳುಹಿಸುತ್ತೇನೆ. ಈ ಯುಗಾದಿಗೂ ಕಳುಹಿಸಿದೆ.

ರನ್ನನ ದುರ್ಯೋಧನ ಸರೋವರದಲ್ಲಿ ಅಡಗಿದ್ದಾಗ ಭೀಮನ ಗರ್ಜನೆ ಕೇಳಿ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ಅದು ಸಿಟ್ಟಿನ ಬೆವರು, ಪಶ್ಚಾತ್ತಾಪದ್ದಲ್ಲ. ಅಷ್ಟು ಗೊತ್ತಿಲ್ಲದಿದ್ದರೆ ನಮ್ಮ ಕನ್ನಡ ಮೇಷ್ಟ್ರು ಎರಡು ಅಂಕ ಕಳೆದು ಕಿವಿ ಹಿಂಡುತ್ತಿದ್ದರು. ಆದರೂ ಅವನು ಯಾವುದಕ್ಕೋ ಬೆವರಿದ. ನಾನು ಫ್ಯಾನಿನ ಕೆಳಗೆ ಕಾಲು ಚಾಚಿ ಗೊರಕೆ ಹೊಡೆದೆ. ನಾನು ಆ ರಾತ್ರಿ ನಿನ್ನ ಒಳ್ಳೆಯ ಮಾತನ್ನು ನಿದ್ದೆ ಮಾತ್ರೆಯ ಹಾಗೆ ನುಂಗಿದ್ದೆ. ನಿದ್ದೆ ಬರಲಿಲ್ಲ ಎಂದು ಹೇಳಿದ್ದರಿಂದಲೇ ನನಗೆ ನಿದ್ದೆ ಬಂದಿತ್ತು.

ಈಗ ನಿನ್ನ ಕುಹಕದ ದನಿ ನನಗೆ ಇಲ್ಲಿಗೇ ಕೇಳುತ್ತಿದೆ: ‘ಹಾಗಾದರೆ ಇದನ್ನು ನನ್ನೊಬ್ಬನಿಗೇ ಬರೆಯಬಹುದಿತ್ತಲ್ಲ, ಊರಿಗೆಲ್ಲ ಏಕೆ?’ ಅದೂ ಸರಿಯೇ. ಇದರ ಕೆಳಗೆ ನಾಲ್ಕು ಜನ ‘ಎಂಥ ಪ್ರಾಮಾಣಿಕ ಬರಹ ಸರ್’ ಎಂದು ಬರೆದರೆ ಈ ರಾತ್ರಿಯೂ ಹಾಲಿನವನ ಗಂಟೆ ಕೇಳಿಸುವುದಿಲ್ಲ. ಆದ್ದರಿಂದ ದಯವಿಟ್ಟು ನೀನಾದರೂ ಏನಾದರೂ ಕೆಟ್ಟದಾಗಿ ಬರೆ. ಮೂವತ್ತು ವರ್ಷದ ಅಭ್ಯಾಸವಿದೆ ನಿನಗೆ. ಹುಡುಗನಿಗೆ ಏನು ಹೇಳಬೇಕೆಂದು ಮಾತ್ರ ಹೇಳಬೇಡ. ಅವನ ನಂಬರು ತೆಗೆದು ನಾಲ್ಕು ಸಲ ನೋಡಿದ್ದೇನೆ, ಐದನೆಯ ಸಲ ಮಗಳ ಹತ್ತಿರ ಫೋನ್ ಕೊಟ್ಟುಬಿಟ್ಟೆ.

ಅಂದ ಹಾಗೆ, ಅವಳು ಈಗ ಕೊನೆಯ ಸೀಸನ್ ಮುಗಿಸಿದ್ದಾಳೆ. ಅವಳ ತೀರ್ಪು: ‘ಸ್ಕೈಲರ್ ಮೊದಲ ವಾರದಲ್ಲೇ ಬಿಟ್ಟುಹೋಗಬೇಕಿತ್ತು.’ ಇದನ್ನು ಹೇಳುವಾಗ ತನ್ನ ಅಮ್ಮನ ಕಡೆಗೆ ನೋಡಿದಳು. ಅಮ್ಮ ನನ್ನ ಕಡೆಗೆ ನೋಡಿದಳು. ನಾನು ಪೇಪರ್ ನೋಡಿದೆ.

ನಿನ್ನ ಕಪ್ಪು ಕೊಡೆ ಬಸ್ಸಿನಲ್ಲಿ ಕಳೆದುಹೋಯಿತು ಎಂದಿದ್ದೆನಲ್ಲ, ಅದು ಕಳೆದಿಲ್ಲ, ನಮ್ಮ ಬಾಗಿಲ ಹಿಂದೆ ಇದೆ. ಇವತ್ತು ಎಲ್ಲವೂ ಹೊರಬರುತ್ತಿರುವಾಗ ಇದೂ ಬರಲಿ. ಹಪ್ಪಳ ತಲುಪಿತು, ಈ ಸಲ ಉಪ್ಪು ಕಡಿಮೆ, ಅತ್ತಿಗೆಗೆ ಹೇಳಬೇಡ.

ಇನ್ನು ನಿಲ್ಲಿಸುತ್ತೇನೆ. ಒಲೆಯ ಮೇಲೆ ಬೇಳೆಯಿದೆ, ಮೂರಕ್ಕೆ ಆರಿಸು ಎಂದು ಹೇಳಿ ಹೋಗಿದ್ದಾರೆ. ಕುಕ್ಕರ್ ಆಗಲೇ ಐದನೆಯ ಸೀಟಿ ಹೊಡೆಯುತ್ತಿದೆ.

ಇಂತಿ ನಿನ್ನ ಸಾರಥಿ,
ಶಲ್ಯ