ಪಿಕಲ್‌ಬಾಲ್ ಶುರು ಮಾಡುತ್ತಿರುವ ಗೆಳೆಯನಿಗೆ

ಪ್ರಿಯ ರಘು,

ನಿಮ್ಮ ಲೇಔಟಿನ ಶಟಲ್ ಕೋರ್ಟಿನಲ್ಲೇ ಪಿಕಲ್‌ಬಾಲ್ ಗೆರೆ ಎಳೆದಿದ್ದಾರೆ, ಭಾನುವಾರದಿಂದ ನೀನೂ ಹೋಗುತ್ತೀಯ ಅಂತ ಓದಿ ತುಂಬಾ ಖುಷಿಯಾಯಿತು ಕಣೋ. ಕಾಲೇಜಿನಲ್ಲಿ ನೀನು ಸ್ಮ್ಯಾಶಿಗೆ ಕೈ ಎತ್ತಿದರೆ ಎದುರಿನವರು ಹಿಂದೆ ಸರಿಯುತ್ತಿದ್ದರು. ಅದು ನೆನಪಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಇಲ್ಲಿ ಮೊದಲು ಚೆಂಡನ್ನು ಮೆತ್ತಗೆ ಇಳಿಸುವುದು ಕಲಿ. ಹೊಡೆತ ನಿನಗೆ ಹೇಗೂ ಬರುತ್ತದೆ.

ಕೋರ್ಟು ನಿನಗೆ ಹೊಸದಲ್ಲ. 44 ಅಡಿ ಉದ್ದ, 20 ಅಡಿ ಅಗಲ, ಶಟಲ್ ಡಬಲ್ಸ್ ಕೋರ್ಟಿನಷ್ಟೇ. ಆಟ ಹುಟ್ಟಿದ್ದೇ ಹಾಗೆ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ, ಜೋಯಲ್ ಪ್ರಿಚರ್ಡ್ ಅನ್ನುವವರ ಮನೆಯ ಹಳೇ ಶಟಲ್ ಕೋರ್ಟಿನಲ್ಲಿ ಶುರುವಾಯಿತು. ಸರಿಯಾದ ರಾಕೆಟ್ ಸಿಗದೆ ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದು ಆಡಿದರಂತೆ. ಚೆಂಡು ನೆಲದ ಮೇಲೆ ಚೆನ್ನಾಗಿ ಪುಟಿಯುತ್ತದೆ ಅಂತ ಗೊತ್ತಾದ ಮೇಲೆ ನೆಟ್ಟನ್ನು ಕೆಳಗಿಳಿಸಿದರು. ಈಗ ನೆಟ್ಟು ಎರಡೂ ತುದಿಯಲ್ಲಿ 36 ಇಂಚು, ನಡುವೆ 34.

ಇಷ್ಟು ಗಿಡ್ಡ ನೆಟ್ಟಿದ್ದರೆ ಎಲ್ಲರೂ ಅದಕ್ಕೇ ಅಂಟಿಕೊಂಡು ಬಡಿಯುತ್ತಿದ್ದರು, ಅಲ್ವಾ? ಅದನ್ನು ತಡೆಯುವುದಕ್ಕೇ ಕಿಚನ್ ಇರುವುದು. ನೆಟ್ಟಿನ ಎರಡೂ ಕಡೆ 7 ಅಡಿ ಜಾಗ. ಅಲ್ಲಿ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಗೆರೆ ತುಳಿದು ಹೊಡೆದರೂ ಫಾಲ್ಟ್. ಪುಟ ಬಿದ್ದ ಚೆಂಡಾದರೆ ಧಾರಾಳವಾಗಿ ಒಳಗೆ ಹೋಗಿ ಆಡು. ಇನ್ನೊಂದು ಮಾತು, ಇದು ನಿನಗೇ ಅಂತ ಹೇಳುತ್ತಿರುವುದು: ಗೆರೆಯ ಹೊರಗೆ ನಿಂತೇ ಗಾಳಿಯಲ್ಲಿ ಹೊಡೆದೆ, ಆದರೆ ಆ ರಭಸಕ್ಕೆ ಕಾಲು ಒಳಗೆ ಬಿತ್ತು ಅಂದರೆ ಅದೂ ಫಾಲ್ಟೇ. ಹಾರಿ ಹೊಡೆದು ಮುಂದಕ್ಕೆ ಇಳಿಯುವ ಅಭ್ಯಾಸ ಇರುವವರಿಗೆ ಇದು ಮೈಗೆ ಹತ್ತಲು ಸಮಯ ಬೇಕು.

ಸರ್ವ್ ಸುಲಭ. ಸೊಂಟದ ಕೆಳಗಿನಿಂದ ಹೊಡೆದು, ಓರೆಯಾಗಿ ಎದುರಿನ ಬಾಕ್ಸಿಗೆ, ಕಿಚನ್ ಗೆರೆ ದಾಟಿಸಿ ಹಾಕಬೇಕು. ಕಷ್ಟವಾದರೆ ಚೆಂಡನ್ನು ಕೈಯಿಂದ ಸುಮ್ನೆ ಬಿಟ್ಟು, ಪುಟ ಬಿದ್ದ ಮೇಲೆ ಹೊಡೆ. ಅದಕ್ಕೂ ನಿಯಮದಲ್ಲಿ ಅವಕಾಶವಿದೆ.

ಈಗ ಆಟದ ಜೀವ ಇರುವ ಜಾಗಕ್ಕೆ ಬರೋಣ. ಸರ್ವ್ ಬಿದ್ದ ಕಡೆ ಒಂದು ಪುಟ ಆಗಲೇಬೇಕು, ಅದು ವಾಪಸ್ ಬಂದಾಗ ಈ ಕಡೆಯೂ ಒಂದು ಪುಟ ಆಗಬೇಕು. ಹಾಗಾಗಿ ಸರ್ವ್ ಮಾಡಿದ ಜೋಡಿ ಹಿಂದೆಯೇ ಕಾಯಬೇಕು. ಎದುರಿನವರು ಚೆಂಡನ್ನು ಉದ್ದಕ್ಕೆ ಕಳಿಸಿ ಕಿಚನ್ ಗೆರೆಗೆ ಬಂದು ನಿಂತುಬಿಡುತ್ತಾರೆ. ನೀನು ಹಿಂದಿನಿಂದ ಎಷ್ಟೇ ಜೋರಾಗಿ ಬೀಸು, ಅವರು ನೆಟ್ಟಿಗಿಂತ ಮೇಲೆ ಬಂದ ಚೆಂಡನ್ನು ಪ್ಯಾಡಲ್ (ಈ ಆಟದ ಬ್ಯಾಟು) ಅಡ್ಡ ಹಿಡಿದು ನಿನ್ನ ಕಾಲ ಬುಡಕ್ಕೇ ಹಾಕುತ್ತಾರೆ. ಅದೇ ಮೂರನೇ ಹೊಡೆತದಲ್ಲಿ ಚೆಂಡನ್ನು ಮೆಲ್ಲಗೆ ಎತ್ತಿ ಅವರ ಕಿಚನ್ನಿನೊಳಗೆ ಬೀಳಿಸು ನೋಡು. ಅವರು ಪುಟಕ್ಕೆ ಕಾಯಬೇಕು, ಬಗ್ಗಬೇಕು, ನೆಟ್ಟಿಗಿಂತ ಕೆಳಗಿರುವ ಚೆಂಡನ್ನು ಮೇಲಕ್ಕೇ ಎತ್ತಬೇಕು. ಅಷ್ಟರಲ್ಲಿ ನೀನೂ ನಿನ್ನ ಪಾರ್ಟ್ನರ್ರೂ ಗೆರೆಗೆ ಬಂದಿರುತ್ತೀರಿ. ಆಮೇಲೆ ನಾಲ್ಕೂ ಜನ ಕಿಚನ್ನಿನಿಂದ ಕಿಚನ್ನಿಗೆ ಡಿಂಕ್ ಮಾಡುತ್ತಾ, ಅಂದರೆ ಚೆಂಡನ್ನು ನೆಟ್ಟಿನಾಚೆ ಮೆತ್ತಗೆ ಇಳಿಸುತ್ತಾ, ಯಾರ ಚೆಂಡು ಒಂದು ಗೇಣು ಮೇಲೆ ಏಳುತ್ತದೆ ಅಂತ ಕಾಯುವುದು. ಎದ್ದ ಚೆಂಡಿಗೆ ನಿನ್ನ ಸ್ಮ್ಯಾಶ್ ಇದ್ದೇ ಇದೆ!

ಇದಕ್ಕೆ ಹಿಡಿತ ಸಡಿಲವಾಗಿರಲಿ. ಶಟಲ್‌ನವರು ಮಣಿಕಟ್ಟು ತಿರುಗಿಸುತ್ತೇವೆ, ಇಲ್ಲಿ ಅದು ಬೇಡ, ತೋಳು ಭುಜದಿಂದ ಆಡಲಿ. ಕೇರಂನಲ್ಲಿ ಪಾಕೆಟ್ ಬಾಯಲ್ಲಿ ಕೂತ ಕಾಯಿನ್ ತಳ್ಳುವಷ್ಟು ಬಲ ಸಾಕು. ಮ್ಯಾಚಿಗೆ ಮುಂಚೆ ಯಾರನ್ನಾದರೂ ಎದುರಿಗೆ ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಬರೀ ಡಿಂಕ್ ಆಡು. ಬೇಜಾರು ಅನ್ನಿಸಿದರೂ ಬಿಡಬೇಡ.

ಸ್ಕೋರ್ 11ಕ್ಕೆ, ಎರಡು ಪಾಯಿಂಟ್ ಮುಂದಿರಬೇಕು. ಸಾಮಾನ್ಯವಾಗಿ ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್. ಡಬಲ್ಸ್ ಶುರುವಿನಲ್ಲಿ ‘ಜೀರೊ-ಜೀರೊ-ಟೂ’ ಅಂತ ಕೂಗುತ್ತಾರೆ. ನಮ್ಮ ಸ್ಕೋರು, ಅವರ ಸ್ಕೋರು, ಕೊನೆಯದು ಸರ್ವ್ ಮಾಡುವವರು ಆ ಜೋಡಿಯಲ್ಲಿ ಎಷ್ಟನೆಯವರು ಅನ್ನುವುದು. ಮೊದಲು ಸರ್ವ್ ಮಾಡುವ ತಂಡಕ್ಕೆ ಆ ಸಲ ಒಬ್ಬರ ಸರ್ವ್ ಮಾತ್ರ ಇರುವುದರಿಂದ ‘ಟೂ’ ಇಂದ ಶುರು.

ಸುಮಾಳನ್ನೂ ಮಗಳನ್ನೂ ಕರೆದುಕೊಂಡು ಹೋಗು. ಶಟಲ್‌ನಲ್ಲಿ ನೀನು ಅವರಿಗೆ ಬಿಟ್ಟುಕೊಟ್ಟು ಆಡಬೇಕಿತ್ತು. ಇಲ್ಲಿ ಎಲ್ಲರೂ ಸಮಸಮ ಆಡಬಹುದು. ನನಗೆ ಈ ಆಟ ಇಷ್ಟು ಹತ್ತಿರವಾಗಿದ್ದೇ ಅದಕ್ಕೆ.

ತಲೆ ಮೇಲೆ ಚೆಂಡು ಹೋದರೆ ಹಿಮ್ಮುಖವಾಗಿ ಓಡಬೇಡ ಮಾರಾಯ. ನಮ್ಮ ವಯಸ್ಸಿನವರು ಜಾಸ್ತಿ ಬಿದ್ದು ಕೈ ಮುರಿದುಕೊಳ್ಳುವುದು ಹಾಗೆಯೇ. ತಿರುಗಿ ಓಡು, ಇಲ್ಲ ಪಾಯಿಂಟ್ ಬಿಟ್ಟುಬಿಡು. ವಾಕಿಂಗ್ ಶೂ, ರನ್ನಿಂಗ್ ಶೂ ಬೇಡ, ಅಡ್ಡಡ್ಡ ಹೆಜ್ಜೆ ಇಡುವಾಗ ಪಾದ ಹೊರಳುತ್ತದೆ. ನಿನ್ನ ಶಟಲ್ ಶೂ ಒಳಾಂಗಣಕ್ಕೆ ಸರಿ. ಸಿಮೆಂಟ್ ಕೋರ್ಟಾದರೆ ಟೆನಿಸ್ ಶೂ ತಗೋ. ದುಡ್ಡು ಹಾಕುವುದಿದ್ದರೆ ಮೊದಲು ಶೂಗೆ ಹಾಕು. ಪ್ಯಾಡಲ್ ಈಗಲೇ ಕೊಳ್ಳಬೇಡ, ನನ್ನ ಹತ್ತಿರ ಇನ್ನೊಂದಿದೆ. ಮುಂದಿನ ತಿಂಗಳು ಮೈಸೂರಿಗೆ ಬರುವಾಗ ತರುತ್ತೇನೆ. ಬೆಳಗ್ಗೆ ಆರಕ್ಕೆ ಕೋರ್ಟ್ ಹೇಳಿಟ್ಟಿರು.

ನಿನ್ನ,
ಗಿರೀಶ