ವರಮಹಾಲಕ್ಷ್ಮಿ ಶುಕ್ರವಾರ ನಮಗೆ ಯಾಕೆ ರಜೆ ಇಲ್ಲ, ಸಚಿವರೇ?

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ರಜೆ ಜಾಸ್ತಿ ಮಾಡಿ ಅಂತ ಕೇಳೋಕೆ ಈ ಪತ್ರ ಬರೆಯುತ್ತಿಲ್ಲ, ಅದನ್ನ ಮೊದಲೇ ಹೇಳಿಬಿಡುತ್ತೇನೆ. ಇರುವ ರಜೆ ಯಾವ್ಯಾವ ದಿನ ಅಂತ ತೀರ್ಮಾನ ಮಾಡುವಾಗ ನಮ್ಮನ್ನೂ ಒಂದು ಮಾತು ಕೇಳಿಸಿ, ಅಷ್ಟೇ.

ವರಮಹಾಲಕ್ಷ್ಮಿ ಹಬ್ಬ ಬರುವುದೇ ಶುಕ್ರವಾರ. ಕೆಲಸದ ದಿನ. ನಾಲ್ಕು ಗಂಟೆಗೆ ಎದ್ದು ಕಳಸ ಇಟ್ಟು, ಸೀರೆ ಉಡಿಸಿ, ಹೋಳಿಗೆ ಅರ್ಧ ಬೇಯಿಸಿ ಅರ್ಧ ಅತ್ತೆಗೆ ಬಿಟ್ಟು, ಓಡಿಬಂದು ಗೇಟಲ್ಲಿ ಪಂಚ್ ಮಾಡಬೇಕು. ಅವತ್ತು ಲೈನಲ್ಲಿ ಎಲ್ಲರ ತಲೆಯಲ್ಲೂ ಮಲ್ಲಿಗೆ, ಕೈ ತುಂಬ ಹಸಿರು ಬಳೆ. ಟಾರ್ಗೆಟ್ ಮಾತ್ರ ಒಂದು ಪೀಸೂ ಕಮ್ಮಿ ಆಗುವುದಿಲ್ಲ. ಟೀ ಬ್ರೇಕಲ್ಲಿ ಕುಂಕುಮದ ಡಬ್ಬಿ ಮಿಷನ್‌ನಿಂದ ಮಿಷನ್‌ಗೆ ಹೋಗುತ್ತದೆ, ನಮ್ಮ ಅರಿಶಿನ ಕುಂಕುಮ ಅಲ್ಲೇ ಮುಗಿಯುತ್ತದೆ. ಬರದೇ ಇದ್ದರೆ ಅಟೆಂಡೆನ್ಸ್ ಬೋನಸ್ ಹೋಯಿತು. ರಜೆ ಬೇಕು ಅಂದರೆ ಭಾನುವಾರ ಬಂದು ಮಾಡಿಕೊಡಿ ಅನ್ನುತ್ತಾರೆ.

ಸರ್ಕಾರಿ ಪಟ್ಟಿಯಲ್ಲಿ ಈ ಹಬ್ಬ ಪರಿಮಿತ ರಜೆ. ಅಂದರೆ ಸರ್ಕಾರಿ ನೌಕರರು ಆ ಪಟ್ಟಿಯಿಂದ ವರ್ಷಕ್ಕೆ ಎರಡು ದಿನ ಆರಿಸಿಕೊಳ್ಳಬಹುದು. ನಮಗೆ ಅದೂ ಇಲ್ಲ, ಯಾಕಂದ್ರೆ ಆ ಪಟ್ಟಿಯೇ ನಮ್ಮದಲ್ಲ! ಕ್ಯಾಲೆಂಡರಲ್ಲಿ ಕೆಂಪಕ್ಷರ ಇದ್ದರೆ ಇಡೀ ರಾಜ್ಯಕ್ಕೆ ರಜೆ ಅಂತ ಎಷ್ಟೋ ಜನ ಇವತ್ತಿಗೂ ಅಂದುಕೊಂಡಿದ್ದಾರೆ. ಅದು ಸರ್ಕಾರಿ ಕಚೇರಿಗಳ ಪಟ್ಟಿ. ಬ್ಯಾಂಕಿನ ರಜೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಲೆಕ್ಕ. ಫ್ಯಾಕ್ಟರಿಯವರಿಗೆ ನಮ್ಮ ರಾಜ್ಯದ್ದೇ 1963ರ ಕಾಯ್ದೆ ಬೇರೆ ಇದೆ, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಖಾಯಂ. ಜೊತೆಗೆ ಹಬ್ಬಕ್ಕೆ ಅಂತ ಇನ್ನೈದು. ಆ ದಿನಗಳಲ್ಲಿ ದುಡಿಸಿದರೆ ಡಬಲ್ ಸಂಬಳ, ಇಲ್ಲವೇ ಸಂಬಳದ ಜೊತೆ ಬದಲಿ ರಜೆ.

ನಾನು ಹೇಳಬೇಕಾಗಿರುವುದು ಆ ಎರಡನೇ ಐದರ ಬಗ್ಗೆ. ಯಾವ ಹಬ್ಬ ಅಂತ ಕಾನೂನು ಬರೆದಿಟ್ಟಿಲ್ಲ. ಮಾಲೀಕರು, ಕೆಲಸಗಾರರು ಇಬ್ಬರನ್ನೂ ಕೇಳಿ ಗೊತ್ತುಮಾಡಬೇಕು ಅಂತಿದೆ. ನಮ್ಮನ್ನ ಯಾರು ಕೇಳಿದರು ಹೇಳಿ? ಜನವರಿಯಲ್ಲಿ ನೋಟಿಸ್ ಬೋರ್ಡಿಗೆ ಎಚ್.ಆರ್.ನವರು ಒಂದು ಹಾಳೆ ಅಂಟಿಸುತ್ತಾರೆ, ಅದೂ ಇಂಗ್ಲಿಷಲ್ಲಿ. ಒಂದು ವರ್ಷ ಅದರಲ್ಲಿ ಭಾನುವಾರ ಬಂದ ಹಬ್ಬವೂ ಇತ್ತು. ವಾರದ ರಜೆಯನ್ನೇ ಹಬ್ಬದ ರಜೆ ಅಂತ ತೋರಿಸಿದರೆ ನಮಗೆ ಸಿಕ್ಕಿದ್ದೇನು?

ಎಲ್ಲಾ ಕಡೆ ನನ್ನ ಹಬ್ಬಕ್ಕೇ ರಜೆ ಕೊಡಿ ಅಂತಲೂ ಅಲ್ಲ. ನಮ್ಮ ಲೈನಲ್ಲೇ ಮುಸ್ಲಿಂ ಹೆಣ್ಣುಮಕ್ಕಳಿದ್ದಾರೆ, ಒಡಿಶಾದಿಂದ ಬಂದು ಹಾಸ್ಟೆಲಲ್ಲಿರುವ ಹುಡುಗಿಯರಿದ್ದಾರೆ. ಕೂತು ಮಾತಾಡಿದರೆ ಐದು ದಿನ ಹಂಚಿಕೊಳ್ಳೋಕೆ ನಮಗೆ ಬರಲ್ವಾ? ಸರ್ಕಾರವೇ ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಹುತ್ತರಿಗೆ ಕೊಡಗು ಜಿಲ್ಲೆಗೆ ಮಾತ್ರ ಅಂತ ಸ್ಥಳೀಯ ರಜೆ ಕೊಡುತ್ತದೆ. ಅಲ್ಲಿನ ಜನಕ್ಕೆ ಯಾವ ಹಬ್ಬ ದೊಡ್ಡದು ಅಂತ ನೋಡಿಯೇ ತಾನೆ ಕೊಟ್ಟಿದ್ದು?

ಸಾರ್ವಜನಿಕ ರಜೆ ಅನ್ನೋದು ಮೂಲಭೂತ ಹಕ್ಕಲ್ಲ ಅಂತ ಬಾಂಬೆ ಹೈಕೋರ್ಟ್ 2022ರಲ್ಲಿ ಹೇಳಿದೆ, ದಾದ್ರಾ ಮತ್ತು ನಗರ್ ಹವೇಲಿಯ ವಿಮೋಚನಾ ದಿನ ಆಗಸ್ಟ್ 2ರ ರಜೆ ನಿಲ್ಲಿಸಿದ ಕೇಸಲ್ಲಿ. ಇರಲಿ. ನಿಂತುಹೋದ ರಜೆ ಮತ್ತೆ ಕೊಡಿ ಅಂತ ಕೇಳಿದವರಿಗೆ ಆ ಮಾತು. ನಾವು ಕೇಳುತ್ತಿರುವುದು ಕಾಯ್ದೆಯಲ್ಲಿ ಆಗಲೇ ಇರುವುದನ್ನ.

ನಿಮ್ಮ ಇಲಾಖೆಯ ಇನ್‌ಸ್ಪೆಕ್ಟರುಗಳಿಗೆ ಡಿಸೆಂಬರ್ ಒಳಗೆ ಒಂದು ಸುತ್ತೋಲೆ ಕಳಿಸಿ ಸಾರ್. ಕೆಲಸಗಾರರ ಸಹಿ ಇಲ್ಲದ ಪಟ್ಟಿಗೆ ಒಪ್ಪಿಗೆ ಕೊಡಬೇಡಿ ಅನ್ನಿ. ಪಟ್ಟಿ ಕನ್ನಡದಲ್ಲಿರಲಿ, ಬೇರೆ ರಾಜ್ಯದವರಿದ್ದರೆ ಅವರ ಭಾಷೆಯಲ್ಲೂ ಇರಲಿ, ಆಫೀಸ್ ರೂಮಲ್ಲಿ ಅಲ್ಲ, ಗೇಟ್ ಹತ್ತಿರ ಹಾಕಲಿ. ಶುಕ್ರವಾರ ಕೊಡೋಕೆ ಆಗಲ್ಲ ಅಂತ ಕಂಪನಿಯವರು ಹೇಳಿದರೂ ಪರವಾಗಿಲ್ಲ, ನಮ್ಮನ್ನ ಕೂರಿಸಿಕೊಂಡು ಕೇಳಿದ ಮೇಲೆ ಹೇಳಲಿ.

ಇಂತಿ,
ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ, ಬೆಂಗಳೂರು