ಕಾರ್‌ಪೂಲ್ ಸದಸ್ಯರ ಗಮನಕ್ಕೆ: ವಿಮೆ ಮತ್ತು ನೋಂದಣಿ

ಮಾನ್ಯ ಸದಸ್ಯರೇ,

ಸರದಿಯಂತೆ ತಮ್ಮ ಕಾರಿನಲ್ಲಿ ಇತರರನ್ನು ಕಚೇರಿಗೆ ಕರೆತರುವವರು ಈ ವಾರದೊಳಗೆ ವಿಮಾ ಪತ್ರವನ್ನು ತೆರೆದು ಒಮ್ಮೆ ಓದಬೇಕಾಗಿ ವಿನಂತಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಕಡ್ಡಾಯಗೊಳಿಸಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದು ರಸ್ತೆಯಲ್ಲಿ ಗಾಯಗೊಂಡ ಪಾದಚಾರಿಗೆ ಅಥವಾ ಎದುರಿನ ವಾಹನದವರಿಗೆ ಪರಿಹಾರ ಕೊಡುತ್ತದೆಯೇ ಹೊರತು, ಖಾಸಗಿ ಕಾರಿನೊಳಗೆ ಕುಳಿತ ನಮ್ಮ ಸಹಪ್ರಯಾಣಿಕರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅವರಿಗೂ ರಕ್ಷಣೆ ಬೇಕಾದರೆ ಸಮಗ್ರ ಪಾಲಿಸಿ (ಥರ್ಡ್ ಪಾರ್ಟಿಯ ಜೊತೆಗೆ ಸ್ವಂತ ಕಾರಿನ ಹಾನಿಯನ್ನೂ ಭರಿಸುವ ಕಾಂಪ್ರಹೆನ್ಸಿವ್ ವಿಮೆ) ಇರಬೇಕು. ಪ್ರೀಮಿಯಂ ಉಳಿಸಲು ಹೋಗಿ ಬಹಳ ಮಂದಿ ಎಡವುವುದು ಇಲ್ಲಿಯೇ.

ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ಅಪಘಾತ ವಿಮೆಯು ಚಾಲನಾ ಪರವಾನಗಿ ಹೊಂದಿರುವ ನೋಂದಾಯಿತ ಮಾಲೀಕರಿಗಷ್ಟೇ ಸಲ್ಲುತ್ತದೆ. ಆದ್ದರಿಂದ ಬೇರೆ ಸದಸ್ಯರು ಸ್ಟೀರಿಂಗ್ ಹಿಡಿದ ದಿನ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆರ್‌ಸಿಯನ್ನು (ವಾಹನದ ನೋಂದಣಿ ಪತ್ರವನ್ನು) ತಮ್ಮ ಹೆಸರಿಗೆ ವರ್ಗಾಯಿಸಿಕೊಂಡಿರಲೇಬೇಕು, ಪಾಲಿಸಿಯಲ್ಲಿಯೂ ಅದೇ ಹೆಸರಿರಬೇಕು.

ಬಿಳಿ ನಂಬರ್ ಫಲಕದ ಖಾಸಗಿ ಕಾರಿನಲ್ಲಿ ಬಾಡಿಗೆ ಪಡೆದು ಜನರನ್ನು ಕರೆದೊಯ್ಯಲು ಪರವಾನಗಿ ಇಲ್ಲ; ಅಪಘಾತವಾದಾಗ ವಿಮಾ ಕಂಪನಿ ಮೊದಲು ಎತ್ತುವ ತಕರಾರೂ ಇದೇ ಆಗಬಹುದು. ಆದ್ದರಿಂದ ಪೆಟ್ರೋಲ್ ಮತ್ತು ಟೋಲ್ ವೆಚ್ಚ ಹಂಚಿಕೊಳ್ಳುವುದರ ಆಚೆಗೆ ಯಾರೂ ಲಾಭವಾಗಿ ಹಣ ಪಡೆಯಬಾರದು.

ಆರ್‌ಸಿ ಹಾಗೂ ಪಾಲಿಸಿಯ ಮೊದಲ ಪುಟದ ಪ್ರತಿಯನ್ನು ಗುಂಪಿನಲ್ಲಿ ಹಾಕದೆ, ಶನಿವಾರದೊಳಗೆ ಅಡ್ಮಿನ್‌ಗೆ ಪ್ರತ್ಯೇಕವಾಗಿ ಕಳುಹಿಸಿ.